ಮೂರನೆಯ ಮಹಡಿಯವರೆಗೆ

ವಿಭಾಗದ ಓದುವ ಕೋಣೆ,
ಬುಧವಾರ, ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ವಾರ್ಡಿನಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಿ ಹೊರಳಿಸಬೇಡ, ಇನ್ನೊಬ್ಬರನ್ನು ಕರೆದುಕೋ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಕಂಡವರ ಮೈಯೆಲ್ಲ ನೋಡಿಕೊಳ್ಳುತ್ತೀಯ, ನಿನ್ನ ಮೈ ಮಾತ್ರ ನಿನಗೆ ಬೇಡ. ಅಪ್ಪ ಚೆನ್ನಾಗಿದ್ದಾರೆ. ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ಮೊನ್ನೆ ಡಬ್ಬಿಯ ಬಿಸ್ಕೆಟ್ಟೆಲ್ಲ ಖಾಲಿಯಾಗಿತ್ತು. ಕೇಳಿದರೆ "ಇರುವೆ ತಿಂದಿರ್ಬೇಕು" ಅಂದರು, ಮೀಸೆಯ ಮೇಲೆ ಪುಡಿ ಇಟ್ಟುಕೊಂಡೇ. ಮುಂದಿನ ಕೋಣೆಯಲ್ಲಿ ಬೀದಿಯವರ ಮಿಕ್ಸಿ, ಫ್ಯಾನು ರಿಪೇರಿ ಎಂದಿನಂತೆ ನಡೆದಿದೆ. ಚೆನ್ನಾಗಿಲ್ಲದಿರುವುದು ನಾನೊಬ್ಬಳೇ. ಫೋನಿನಲ್ಲಿ ಹೇಳೋಣ ಎಂದು ಮೂರು ಸಲ ನಿನ್ನ ನಂಬರು ಒತ್ತಿ, ನೀನು ಎತ್ತುವ ಮೊದಲೇ ಕತ್ತರಿಸಿದೆ. ದನಿ ನಡುಗಿದರೆ ನೀನು ಗಾಬರಿಯಾಗುತ್ತೀಯ. ಕಾಗದದ ಮೇಲೆ ಕೈ ನಡುಗಿದರೆ ಅಕ್ಷರ ಕೆಡುತ್ತದೆ, ಅಷ್ಟೇ. ಸಹಿಸಿಕೋ.

ನಾನು ಏನು ಓದುತ್ತಿದ್ದೇನೆ ಎಂದು ನೀನು ಒಂದು ಸಲ ಕೇಳಿದ್ದೆ. ನಾನು ಏನೋ ಹೇಳಿ ಹಾರಿಸಿದ್ದೆ. ನಿಜವಾಗಿ ನಡೆದದ್ದನ್ನು, ನಡೆದವರ ಬಾಯಿಂದಲೇ ಕೇಳಿ, ಕಡತಗಳನ್ನು ಹುಡುಕಿ, ಕಥೆಯಂತೆ ಓದಿಸಿಕೊಂಡು ಹೋಗುವ ಹಾಗೆ ಬರೆಯುವುದು. ಕಥೆಯ ಎಲ್ಲ ವಿದ್ಯೆಯನ್ನೂ ಬಳಸಬಹುದು, ಒಂದು ಸಾಲನ್ನೂ ಕಲ್ಪಿಸಿ ಬರೆಯುವ ಹಾಗಿಲ್ಲ. ಅಪ್ಪನಿಗೆ ಹೇಳಿದಾಗ "ನಿಜ ಹೇಳೋದಕ್ಕೂ ಎಂ.ಎ. ಮಾಡ್ಬೇಕೇನೇ?" ಎಂದು ನಕ್ಕಿದ್ದರು. ತರಗತಿಯಲ್ಲಿ ನಾವು ಏಳು ಜನ. ನಮ್ಮ ಪ್ರೊಫೆಸರಿಗೆ ನಾವಿಟ್ಟ ಹೆಸರು ಪುರಾವೆ ಮೇಡಂ. "ಅಂದು ಮೋಡ ಕವಿದಿತ್ತು" ಎಂದು ಬರೆದರೆ ಸಾಕು, ಕನ್ನಡಕದ ಮೇಲಿಂದ ನೋಡಿ "ಮೋಡಕ್ಕೆ ಪುರಾವೆ?" ಅನ್ನುತ್ತಾರೆ. ನಾನು ಹವಾಮಾನ ಕಚೇರಿಗೆ ಎರಡು ಸಲ ಅಲೆದು ಆ ಮೋಡವನ್ನು ಉಳಿಸಿಕೊಂಡೆ. ಐದು ವರ್ಷ ಅಚ್ಚಿನ ಮನೆಯಲ್ಲಿ ಬೇರೆಯವರ ತಪ್ಪು ತಿದ್ದುತ್ತ ಕೂತಿದ್ದವಳಿಗೆ ಇದು ಹೊಸ ಜನ್ಮದ ಹಾಗಿತ್ತು ಅಕ್ಕಾ. ಕಳೆದ ವರ್ಷ ನಾನು ಎಷ್ಟು ಸಂತೋಷವಾಗಿದ್ದೆ ಎಂದು ನಿನಗೆ ಬರೆಯಲೇ ಇಲ್ಲ. ಅದಕ್ಕೆ ಈಗ ಬೇಸರವಾಗುತ್ತದೆ.

ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಲಿಫ್ಟುಗಳನ್ನು. ಅಪ್ಪ ಆ ಕೆಲಸದಲ್ಲಿದ್ದವರು, ಒಳಗಿನ ವಿಷಯ ಮನೆಯಲ್ಲೇ ಸಿಗುತ್ತದೆ ಎಂಬ ಲೆಕ್ಕ. ಆದರೆ ಅಪ್ಪ ಆ ಮಾತೆತ್ತಿದರೆ ಸ್ಕ್ರೂಡ್ರೈವರ್ ಹುಡುಕುತ್ತ ಎದ್ದು ಹೋಗುತ್ತಿದ್ದರು. ಸರಿ ಎಂದು ತಪಾಸಣೆ ಕಚೇರಿಯ ಹಳೆಯ ಅಪಘಾತದ ಕಡತಗಳನ್ನು ಹಿಡಿದೆ. ಅವುಗಳಲ್ಲಿ ಒಂದು ಇಪ್ಪತ್ತೆರಡು ವರ್ಷ ಹಿಂದಿನದು. ಆರು ಮಹಡಿಯ ಒಂದು ಕಚೇರಿ ಕಟ್ಟಡ. ಐದನೆಯ ಮಹಡಿಯಲ್ಲಿ ಒಬ್ಬ ಗುಮಾಸ್ತರು ಕಡತಗಳ ಕೈಗಾಡಿಯನ್ನು ಎಳೆದುಕೊಂಡು, ಒಂದು ಚಕ್ರ ಕಚ್ಚಿಕೊಂಡಿದ್ದರಿಂದ ಹಿಂದುಹಿಂದಾಗಿ ನಡೆಯುತ್ತ, ಲಿಫ್ಟಿನ ಬಾಗಿಲು ತೆರೆದು ಒಳಗೆ ಕಾಲಿಟ್ಟರು. ಲಿಫ್ಟ್ ಅಲ್ಲಿರಲಿಲ್ಲ. ಲಿಫ್ಟ್ ಬರದೆ ಬಾಗಿಲು ತೆರೆಯದಂತೆ ಪ್ರತಿ ಮಹಡಿಯಲ್ಲೂ ಒಂದು ಕೊಕ್ಕೆ ಇರುತ್ತದಂತೆ; ಐದನೆಯ ಮಹಡಿಯದು ಸವೆದು ಹೋಗಿತ್ತು. ಮೂರು ದಿನ ಮೊದಲು ಮೆಕ್ಯಾನಿಕ್ ಬಂದು ಮೂರನೆಯ ಮಹಡಿಯವರೆಗೆ ಮಾತ್ರ ನೋಡಿ, ಆರೂ ಮಹಡಿ ನೋಡಿದ್ದೇನೆ ಎಂದು ಲಿಫ್ಟಿನ ಸಹಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗಿದ್ದ. ವರದಿಯಲ್ಲಿ ಅವನ ಹೆಸರಿರಲಿಲ್ಲ, ಪರವಾನಗಿ ರದ್ದಾಯಿತು ಎಂದಷ್ಟೇ ಇತ್ತು.

ಆ ಗುಮಾಸ್ತರ ಹೆಂಡತಿಯನ್ನು ಹುಡುಕಿ ಹೋದೆ. ಅವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಅಳತೆಯ ಟೇಪು, ತುಟಿಯ ಅಂಚಿನಲ್ಲಿ ಗುಂಡುಸೂಜಿ, ಸೂಜಿ ಕಚ್ಚಿಕೊಂಡೇ ಮಾತು. ನನ್ನನ್ನು "ಬರೆಯೋ ಹುಡುಗಿ" ಎಂದು ಕರೆದರು. ಎರಡನೆಯ ಸಲ ಹೋದಾಗಲೇ "ಸುಮ್ನೆ ಯಾಕೆ ಕೂತಿದ್ದೀಯ, ಈ ಅಂಚು ಹಿಡ್ಕೋ" ಎಂದು ಪರದೆ ಬಟ್ಟೆಯನ್ನು ಕೈಗೆ ಕೊಟ್ಟರು. ಗಂಡನ ಪ್ರತಿ ಅಂಗಿಯ ಜೇಬಿನಲ್ಲೂ ಶಾಯಿ ಕಲೆ ಇರುತ್ತಿತ್ತಂತೆ. ಅದನ್ನು ಮುಚ್ಚಲು ಅವರು ಜೇಬಿನ ಮೇಲೆ ಇನ್ನೊಂದು ಜೇಬು ಹೊಲಿಯುತ್ತಿದ್ದರಂತೆ. ಇಂಥದ್ದನ್ನೆಲ್ಲ ಹೇಳಿ ನಗುತ್ತಿದ್ದರು. ಅವರ ಮನೆಯ ಟೀ, ಅವರ ಮಾತು, ನನ್ನ ರೆಕಾರ್ಡರು: ನವೆಂಬರ್, ಡಿಸೆಂಬರ್ ಹೀಗೇ ಕಳೆಯಿತು.

ಜನವರಿ ಕೊನೆಯಲ್ಲಿ ತಪಾಸಣೆ ಕಚೇರಿಯವರು ಆ ಸಹಿ ಪುಸ್ತಕದ ಪುಟದ ನಕಲು ಕೊಟ್ಟರು. ಅಕ್ಕಾ, ನಮ್ಮ ಅಂಕಪಟ್ಟಿಗಳ ಮೇಲೆ ವರ್ಷಕ್ಕೆ ಮೂರು ಸಲ ನೋಡುತ್ತಿದ್ದ ಸಹಿ ಅದು. ಕೊನೆಯ ಅಕ್ಷರದಿಂದ ಹಿಂದಕ್ಕೆ ಎಳೆದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದವರು "ಮುಂದೆ ಹೋಗಮ್ಮ" ಅನ್ನುತ್ತಿದ್ದರು, ಕಾಲು ಏಳಲಿಲ್ಲ. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದೆ. ಕಂಪನಿ ಮುಚ್ಚಿತು, ಅದಕ್ಕೆ ಅಪ್ಪ ಕೆಲಸ ಬಿಟ್ಟರು ಎಂದು ತಾನೆ ನಮಗೆ ಅಮ್ಮ ಹೇಳುತ್ತಿದ್ದದ್ದು?

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅಪ್ಪನಿಗೆ ಬಡಿಸುತ್ತಿದ್ದೆ, ಅಲ್ಲಿ ಟೈಲರಮ್ಮನ ಪರದೆಯ ಅಂಚು ಹಿಡಿಯುತ್ತಿದ್ದೆ. ಆರು ವಾರ. ಅವರು "ನಿಮ್ಮ ತಂದೆ ಏನು ಮಾಡ್ತಾರೆ?" ಎಂದು ಕೇಳಿದಾಗ "ಮಿಕ್ಸಿ ರಿಪೇರಿ" ಅಂದೆ, ಸುಳ್ಳಲ್ಲ, ಆದರೂ ಎದೆ ಹೊಡೆದುಕೊಂಡ ಸದ್ದು ರೆಕಾರ್ಡರಿನಲ್ಲಿ ಕೇಳಿಸುತ್ತದೇನೋ ಎಂದು ಹೆದರಿದೆ. ವಿಭಾಗ ಇರುವುದು ನಾಲ್ಕನೆಯ ಮಹಡಿಯಲ್ಲಿ. ಈಗ ಮೆಟ್ಟಿಲು ಹತ್ತಿಯೇ ಬರುತ್ತೇನೆ. ಲಿಫ್ಟಿನ ಬಾಗಿಲು ಸರಿಯುವ ಸದ್ದು ಕೇಳಿದರೆ ಎರಡೆರಡು ಮೆಟ್ಟಿಲು ಹಾರುತ್ತೇನೆ.

ಕೊನೆಗೆ ತಡೆಯಲಾರದೆ ಪುರಾವೆ ಮೇಡಂ ಮುಂದೆ ಆ ಹಾಳೆ ಇಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟರು. "ಆರು ವಾರ ತಡ ಮಾಡಿದ್ದೀಯ, ಇನ್ನೊಂದು ದಿನ ಮಾಡ್ಬೇಡ. ಆಕೆಗೆ ಹೇಳದೆ ನಿನ್ನ ಒಂದು ಪುಟಾನೂ ನಾನು ಓದಲ್ಲ" ಅಂದರು.

ಮರುದಿನ, ಕಳೆದ ಗುರುವಾರ, ಹೋದೆ. ಟೈಲರಮ್ಮ ಮೆಷಿನ್ ಮೇಲಿದ್ದರು. ನಾನು ಕೂರಲಿಲ್ಲ, ಬಾಗಿಲಲ್ಲೇ ನಿಂತು "ಅಮ್ಮಾ, ಆ ಪುಸ್ತಕದಲ್ಲಿ ಸಹಿ ಹಾಕಿದವರು ನಮ್ಮಪ್ಪ" ಅಂದೆ. ಅವರು ಮೆಷಿನ್ ನಿಲ್ಲಿಸಲಿಲ್ಲ. ಹೊಲಿಗೆ ಕೊನೆಯವರೆಗೆ ಹೋಯಿತು, ದಾರ ಕತ್ತರಿಸಿದರು, ಆಮೇಲೆ ತಲೆಯೆತ್ತಿದರು. "ಯಾವಾಗಿಂದ ಗೊತ್ತು?" ಆರು ವಾರದಿಂದ ಅಂದೆ. "ಆರು ವಾರ ನನ್ನ ಕೈಯಿಂದ ಟೀ ಇಸ್ಕೊಂಡು ಕುಡಿದ್ಯಾ?" ಕೂಗಲಿಲ್ಲ ಅಕ್ಕಾ, ಕೂಗಿದ್ದರೆ ಚೆನ್ನಾಗಿತ್ತು. ನಾನು ಅಳುತ್ತ ರೆಕಾರ್ಡರನ್ನು ಅವರ ಮುಂದಿಟ್ಟು, ಎಲ್ಲ ಅಳಿಸಿಬಿಡಿ, ನಾನು ಬರೆಯುವುದಿಲ್ಲ ಅಂದೆ. ಅವರು ಅದನ್ನು ಮುಟ್ಟಲಿಲ್ಲ. "ಅವರು ಬದುಕಿದ್ದಾರಾ?" ಎಂದರು. ಹೂಂ ಅಂದೆ. "ಒಂದೇ ಒಂದು ಮಾತು ಕೇಳ್ಬೇಕು. ಭಾನುವಾರ ಬರ್ತೀನಿ ಅಂತ ಹೇಳು."

ಅಪ್ಪನಿಗೆ ಹೇಳುವಾಗ ಅವರ ತೊಡೆಯ ಮೇಲೆ ಬಿಚ್ಚಿದ ಮಿಕ್ಸಿ ಇತ್ತು. ಒಂದೊಂದೇ ಸ್ಕ್ರೂ ಹಾಕಿ ಮಿಕ್ಸಿ ಮುಚ್ಚಿದರು, ಪ್ಲಗ್ ಚುಚ್ಚಿ ತಿರುಗಿಸಿ ನೋಡಿದರು, ಆಫ್ ಮಾಡಿದರು. "ಬರ್ಲಿ" ಅಂದರು. ಆಮೇಲೆ ಎರಡು ದಿನ ಇರುವೆಗಳೂ ಬಿಸ್ಕೆಟ್ ಮುಟ್ಟಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಬಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದರು. ಟೈಲರಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತರು, ನೀರು ಬೇಡ ಅಂದರು, ರೆಕಾರ್ಡರ್ ಹಾಕಲು ಅವರೇ ಹೇಳಿದರು. ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದೆ. "ಒಂದು ಮಹಡೀನೂ ನೋಡದೇ ಇದ್ದಿದ್ರೆ ಕೆಲಸಗಳ್ಳ ಅಂದ್ಕೊಂಡು ಸುಮ್ಮನಾಗ್ತಿದ್ದೆ. ಮೂರು ಮಹಡಿ ನೋಡಿದವರು ಇನ್ನು ಮೂರು ಯಾಕೆ ನೋಡ್ಲಿಲ್ಲ?" ಇಷ್ಟೇ ಅವರು ಕೇಳಿದ್ದು. ಅಪ್ಪ ನೆಲ ನೋಡುತ್ತ, "ಸೋಮಾರಿತನ ತಾಯಿ. ಊಟದ ಹೊತ್ತಾಗಿತ್ತು, ನಾಳೆ ನೋಡಿದ್ರಾಯ್ತು ಅಂತ ಸಹಿ ಹಾಕ್ದೆ. ಬೇರೆ ಏನೂ ಇಲ್ಲ" ಅಂದರು.

ಆ ತಾಯಿಯ ಮುಖವನ್ನು ನಾನು ಹೇಗೆ ಬರೆಯಲಿ? "ಇಪ್ಪತ್ತೆರಡು ವರ್ಷ ಏನೇನೋ ಅಂದ್ಕೊಂಡಿದ್ದೆ. ಏನೋ ದೊಡ್ಡ ಕಾರಣ ಇರುತ್ತೆ ಅಂತ. ಊಟಾನಾ?" ಎಂದರು. ಅಪ್ಪ ಕೈಮುಗಿದರು. ಅವರು ಅಪ್ಪನ ಕಡೆ ನೋಡದೆ ಎದ್ದರು. ಗೇಟಿನವರೆಗೆ ಹಿಂದೆಯೇ ಹೋದೆ. "ಇದನ್ನೂ ಬರಿ, ಇದ್ದದ್ದು ಇದ್ದ ಹಾಗೇ ಬರಿ" ಎಂದು ಹೇಳಿ, ತಿರುಗಿ ನೋಡದೆ ರಸ್ತೆ ದಾಟಿದರು. ಇಷ್ಟೂ ಬರೆದು ಮುಗಿಸಿದ್ದೇನೆ. ಮೇಡಂ ಓದಿದರು. ಒಂದು ಕಡೆಯೂ ಪುರಾವೆ ಕೇಳಲಿಲ್ಲ. ಇಪ್ಪತ್ತನೆಯ ತಾರೀಖು ಒಪ್ಪಿಸಬೇಕು.

ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯಲ್ಲಿರುವ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು. ಹಿರಿಯಳಾದ ನಿನ್ನನ್ನು ನಾನು ಹರಸುವ ಹಾಗಿಲ್ಲ. ಆದರೂ ನೀನು ತಣ್ಣಗಿರಬೇಕು ಅಂತಲೇ ನನ್ನ ಆಸೆ.

ನಿನ್ನ ಹಿಂದೆಯೇ ಸುತ್ತುತ್ತಿದ್ದ,
ಬಾಲ

ಮರೆತದ್ದು: ಮರೆತಿಲ್ಲ ಅಕ್ಕಾ, ಧೈರ್ಯ ಸಾಲಲಿಲ್ಲ. ಅಂಚೆ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಟೈಲರಮ್ಮ ಹೋದ ಮೇಲೆ ನಾನು ಅಪ್ಪನಿಗೆ, ಗ್ಯಾಸಿನ ನಾಬು ನಾಲ್ಕು ಸಲ ತಿರುಗಿಸಿ ನೋಡುವವರು ನೀವು, ಸೋಮಾರಿ ಅಂದರೆ ಯಾರು ನಂಬುತ್ತಾರೆ ಅಂದೆ. ನಲ್ಲಿಯ ಕೆಳಗೆ ಒಂದೇ ಲೋಟವನ್ನು ತೊಳೆಯುತ್ತ ತೊಳೆಯುತ್ತ ಹೇಳಿದರು. ಅವತ್ತು ಅವರು ಮೂರನೆಯ ಮಹಡಿಯಲ್ಲಿದ್ದಾಗ ಕಾವಲುಗಾರ ಓಡಿ ಬಂದು, ಶಾಲೆಯಿಂದ ಫೋನ್ ಬಂದಿದೆ, ಮಗಳು ಮೆಟ್ಟಿಲಿಂದ ಬಿದ್ದಿದ್ದಾಳೆ, ಪ್ರಜ್ಞೆ ಇಲ್ಲ ಅಂದನಂತೆ. ನೀನು. ಸಹಿ ಗೀಚಿ ಓಡಿದರಂತೆ, ಮರುದಿನ ಬಂದು ಮುಗಿಸೋಣ ಎಂದು. ಎರಡು ದಿನ ನೀನು ಕಣ್ಣು ಬಿಡಲಿಲ್ಲ, ಅವರು ಮಂಚದ ಪಕ್ಕದಿಂದ ಏಳಲಿಲ್ಲ. ಮೂರನೆಯ ದಿನ ನೀನು ನೀರು ಕೇಳಿದೆಯಂತೆ. ಅದೇ ದಿನ ಅಲ್ಲಿ ಆ ಗುಮಾಸ್ತರು ಬಿದ್ದರು. "ಅವಳಿಗೆ ಗೊತ್ತಾಗ್ಬಾರ್ದು, ಜೀವಮಾನವೆಲ್ಲ ಹೊತ್ಕೊಂಡು ತಿರುಗ್ತಾಳೆ" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡರು. ಆ ಆಣೆ ಈಗ ಮುರಿದೆ. ನಿನಗಾಗ ಒಂಬತ್ತು ವರ್ಷ, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ, ಇದನ್ನು ಎರಡು ಸಲ ಓದು. ಆದರೆ ನಮ್ಮ ಮನೆಯಲ್ಲಿ ಕೂರಿಸಿಕೊಂಡು ಆ ತಾಯಿಗೆ ನಾವು ಸುಳ್ಳು ಹೇಳಿ ಕಳಿಸಿದ್ದೇವೆ. ತನ್ನ ಗಂಡ ಯಾರದೋ ಊಟದ ಆತುರಕ್ಕೆ ಸತ್ತ ಎಂದು ನಂಬಿಕೊಂಡು ಈಗಲೂ ಹೊಲಿಯುತ್ತ ಕೂತಿದ್ದಾರೆ. ನೀನು ಬೇಡ ಅಂದರೆ ನಿಜ ಬರೆಯುವುದಿಲ್ಲ. ಆದರೆ ಆ ಸುಳ್ಳಿನ ಕೆಳಗೆ ನನ್ನ ಸಹಿ ಹಾಕಲಾರೆ, ಪ್ರಬಂಧವನ್ನೇ ಹಿಂದಕ್ಕೆ ತೆಗೆದುಕೊಂಡು ಓದು ಬಿಡುತ್ತೇನೆ. ಇಪ್ಪತ್ತರೊಳಗೆ ಫೋನ್ ಮಾಡು, ನನಗೆ ಮಾಡು, ಅಪ್ಪನಿಗಲ್ಲ. ಇಲ್ಲ, ಫೋನ್ ಬೇಡ, ನೀನೇ ಬಾ. ನನಗೊಬ್ಬಳಿಗೇ ಆಗುತ್ತಿಲ್ಲ. ಅಂಚೆಯವನು ಡಬ್ಬಿ ತೆರೆದು ನಿಂತಿದ್ದಾನೆ, ಕಾಗದಕ್ಕೆ ಕೈ ಚಾಚಿದ್ದಾನೆ, ನನ್ನ ಕೈ ಇನ್ನೂ ಬಿಡುತ್ತಿಲ್ಲ.