ಕೈಪಿಡಿಯಲ್ಲಿ ಬಿಟ್ಟುಹೋದ ಸಾಲು

ಪ್ರೀತಿಯ ಗುಬ್ಬಿಯವರೇ,

‘ಪ್ರೀತಿಯ’ ಎಂದು ಬರೆಯಲು ಸ್ವಲ್ಪ ಕಷ್ಟವಾಯಿತು! ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸಲು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಆ ಕೋಡನ್ನು, ಅದೇ ನಿಮ್ಮ ಓಪನ್ ಸೋರ್ಸ್ ಲೈಬ್ರರಿಯನ್ನು, ನೀವು ಯಾರ ಜೊತೆ ಬರೆಯುತ್ತಿದ್ದೀರೋ, ನಾನು ಅವರ ಹೆಂಡತಿ. ಮದುವೆಯಾಗಿ ಇಪ್ಪತ್ತಾರು ದಿನ. ನನ್ನವರು ಚಿನ್ನದಂಥವರು! ಆದರೆ ನಿಮ್ಮ ಮೆಸೇಜ್ ಬಂತೆಂದರೆ ಕೈಯಲ್ಲಿದ್ದ ತುತ್ತು ಬಿಟ್ಟು ಓಡುತ್ತಾರೆ. “ನೋಡೇ, ಗುಬ್ಬಿ ಮತ್ತೆ ನನ್ನ ತಪ್ಪು ಹಿಡಿದುಬಿಟ್ಳು!” ಎಂದು ಹಲ್ಲು ಕಿರಿಯುತ್ತಾರೆ. ನಾನು ತಪ್ಪು ಹಿಡಿದರೆ ಮಾತ್ರ ಮುಖ ಊದಿಕೊಳ್ಳುತ್ತದೆ.

ನಿನ್ನೆ ಅವರು ಕೆಲಸಕ್ಕೆ ಹೋದಾಗ ನಿಮ್ಮಿಬ್ಬರ ಕೈಪಿಡಿ ಓದಿ, ನನ್ನ ಲ್ಯಾಪ್‌ಟಾಪಿನಿಂದ ಅವರ ಕಂಪ್ಯೂಟರಿಗೆ ನಮ್ಮ ಮದುವೆಯ ಫೋಟೋ ಕಳಿಸಿದೆ. ಹೋಗಲೇ ಇಲ್ಲ! ಸಂಜೆಯವರೆಗೆ ಒದ್ದಾಡಿದ ಮೇಲೆ ಹೊಳೆಯಿತು: ಫೈಲ್ ಪಡೆಯುವ ಕಂಪ್ಯೂಟರಿನಲ್ಲಿ ಅದಕ್ಕಾಗಿ ಕಾದು ಕೂರುವ ಸರ್ವರ್ ಪ್ರೋಗ್ರಾಮನ್ನು ಮೊದಲೇ ಶುರುಮಾಡಿರಬೇಕು. ನಿಮ್ಮಿಬ್ಬರಿಗೂ ಅದು ಎಷ್ಟು ರೂಢಿಯೆಂದರೆ, ಬರೆಯಲೇ ಮರೆತಿದ್ದೀರಿ.

ಆ ಒಂದು ಸಾಲನ್ನು ನಾನೇ ಬರೆದು ಕಳಿಸಿದ್ದೇನೆ. ದಯವಿಟ್ಟು ಕೈಪಿಡಿಗೆ ಸೇರಿಸಿ, ಅವರಾಗಿಯೇ ನೋಡುವವರೆಗೆ ಹೇಳಬೇಡಿ. ಲೈಬ್ರರಿ ಬರೆದವರ ಪಟ್ಟಿಯಲ್ಲಿ ಈಗ ಅವರ ಹೆಸರಿನ ಪಕ್ಕ ನಿಮ್ಮದೊಂದೇ ಇದೆ.

ನನ್ನದನ್ನು ನಡುವೆ ಹಾಕಲು ಬರುತ್ತದೆಯೇ?

ಉತ್ತರಕ್ಕೆ ಕಾಯುತ್ತಿರುವ,
ಅವರ ಹೆಂಡತಿ