ಗೇಟಿನ ಕಡೆ ನೋಡಿದ್ದು

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ

ಇವತ್ತೂ ಮಂಜು. ರಾಗಿ ಒಕ್ಕಿದ ಕಣವೇ ನಮ್ಮ ಕಬಡ್ಡಿ ಕೋರ್ಟ್. ಸುತ್ತ ಓಡಿದೆವು. ಮುಂದಿರುವವರು ಕಾಣುವುದಿಲ್ಲ, ಉಸಿರು ಮಾತ್ರ ಕೇಳುತ್ತೆ. ಸಿನಿಮಾ ಆಗಿದ್ದರೆ ಇಲ್ಲೊಂದು ಹಾಡು ಬರುತ್ತಿತ್ತು. ಹಾಡು ಮುಗಿಯುವಷ್ಟರಲ್ಲಿ ಎಲ್ಲರೂ ಪಳಗಿಬಿಡುತ್ತಿದ್ದೆವು. ಇಲ್ಲಿ ಎಂಟಕ್ಕೆ ಕೋಸಿನ ಹೊಲಕ್ಕೆ ಕೂಲಿಗೆ ಹೋಗಬೇಕು. ಆದರೂ ತಲೆಯೊಳಗೆ ಹಾಡು ಬರುತ್ತಲೇ ಇತ್ತು...

"ಎಲ್ಲಿದ್ದೀಯಮ್ಮಿ ಪರಿಮಳ? ಕನಸ್ ಸಾಕು, ಕಾಲ್ ನೋಡು." ಮಮತಕ್ಕ, ನಮ್ಮ ಕೋಚ್. ಮದುವೆಗೆ ಮುಂಚೆ ಆಡುತ್ತಿದ್ದಳಂತೆ. ಈಗ ಟೈಲರಿಂಗ್.

ಫೆಬ್ರವರಿ 7, ಶುಕ್ರವಾರ

ಮೊಬೈಲಿನಲ್ಲಿ ಇನ್ನೊಂದು ಆಟದ ಸಿನಿಮಾ. ತಮಿಳು. ಎಲ್ಲದರಲ್ಲೂ ಒಬ್ಬ ಅಪ್ಪ. ಆಟ ಬೇಡ ಅನ್ನುತ್ತಾನೆ. ಕೊನೇ ನಿಮಿಷದಲ್ಲಿ ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ. ಮಗಳು ನೋಡುತ್ತಾಳೆ. ಸ್ಲೋ ಮೋಷನ್. ಗೆಲ್ಲುತ್ತಾಳೆ. ಗೊತ್ತಿದ್ದೂ ಅತ್ತೆ.

ನಮ್ಮಪ್ಪ ಬೇಡ ಅನ್ನುವುದೂ ಇಲ್ಲ, ಬೇಕು ಅನ್ನುವುದೂ ಇಲ್ಲ. ದಿನಾ ಬೆಳಿಗ್ಗೆ ಕಣದ ಪಕ್ಕದಲ್ಲೇ ಹಸು ಹೊಡೆದುಕೊಂಡು ಹೋಗುತ್ತಾನೆ, ತಲೆ ತಗ್ಗಿಸಿಕೊಂಡು. ನಾನು ಆಡುವುದನ್ನು ಒಂದು ದಿನವೂ ನಿಂತು ನೋಡಿಲ್ಲ. ಕಪ್ ಹಾಳಾಗಲಿ. ಅಪ್ಪ ಒಂದು ಸಲ ನೋಡಿದರೆ ಸಾಕು.

ಫೆಬ್ರವರಿ 15, ಶನಿವಾರ. ಸಂಜೆ

ನಾಳೆ ಮ್ಯಾಚ್. ಸತ್ಯಮಂಗಲ. ಘಾಟಿ ಇಳಿಯಬೇಕು.

ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ — "ಎಷ್ಟೊತ್ಗಂತವ್ವ ಆಟ?"

"ಅನ್ನೊಂದ್ ಗಂಟ್ಗೆ."

ಅಷ್ಟೇ. ಮತ್ತೆ ಮುದ್ದೆ. ಸಿನಿಮಾದಲ್ಲಿ ಹೀಗೇ ಶುರುವಾಗುತ್ತೆ!

ಫೆಬ್ರವರಿ 16, ಭಾನುವಾರ. ವಾಪಸ್ ವ್ಯಾನಿನಲ್ಲಿ

ಸೋತೆವು. ಒಂದೇ ಪಾಯಿಂಟು.

ಆಟಕ್ಕೆ ಮುಂಚೆ ಕೋಚ್ ಭಾಷಣ ಮಾಡಬೇಕಲ್ಲ, ಮೈ ಜುಮ್ಮೆನ್ನುವ ಹಾಗೆ? ಮಮತಕ್ಕ ಅಂದದ್ದು — "ಎಲ್ರೂ ನೀರ್ ಕುಡುದ್ರಾ? ಓಗಿ ಆಡಿ."

ಇಬ್ಬರದೂ ಸಮ. ಕೊನೇ ರೈಡ್ ನನ್ನದು. ಒಬ್ಬಳನ್ನು ಮುಟ್ಟಿದೆ. ಗೆರೆ ಕೈಗೆಟುಕುವಷ್ಟು ದೂರ. ಆಗ ನಿಜವಾಗಿಯೂ ಎಲ್ಲ ನಿಧಾನವಾಯಿತು, ಸದ್ದೇ ಇಲ್ಲ. ಈಗ ಅಪ್ಪ ಬಂದಿರುತ್ತಾನೆ ಅನ್ನಿಸಿತು. ಗೇಟಿನ ಕಡೆ ನೋಡಿದೆ. ಐಸ್ ಮಾರುವವನು ನಿಂತಿದ್ದ. ಹಿಂದಿನಿಂದ ಕಾಲು ಹಿಡಿದರು.

"ಯಾರ್ನಮ್ಮಿ ನೋಡ್ತಿದ್ದೆ?" ಅಂದಳು ಮಮತಕ್ಕ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅಪ್ಪನ ಮೇಲೆ ಕೆಟ್ಟ ಸಿಟ್ಟು.

ಫೆಬ್ರವರಿ 17, ಸೋಮವಾರ

ಅವ್ವ ಹೇಳಿದಳು — "ಮಡಿ ಬಟ್ಟೆ ಆಕಂಡು ನೆನ್ನೆ ಬೆಳಿಗ್ಗೆನೇ ಚಾಮ್ರಾಜ್‌ನಗ್ರುಕ್ಕೆ ಓಯ್ತು ಕಣಮ್ಮಿ ನಿಮ್ಮಪ್ಪ. ನಿನ್ ಆಟ ನೋಡಕ್ಕೆ."

ನಮ್ಮೂರು ಗೆಟ್ಟವಾಡಿ ತಮಿಳು ಸೀಮೆಗೆ ಸೇರಿದ್ದು, ಆದರೂ ನಮಗೆ ಸಂತೆ, ಆಸ್ಪತ್ರೆ, ಸಿನಿಮಾ ಎಲ್ಲ ಗಡಿಯಾಚೆ ಅಲ್ಲೇ. ಆಟವೂ ಅಲ್ಲೇ ಅಂದುಕೊಂಡಿದ್ದಾನೆ. ಎಲ್ಲಿ ಅಂತ ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂದಿದ್ದ. ಬೇರೆ ರಾಜ್ಯದ ಗೇಟಿಗೆ.

ಕೊಟ್ಟಿಗೆಗೆ ಹೋದೆ. ಸಗಣಿ ಬಾಚುತ್ತಿದ್ದ.

"ಸಂದೆಗಂಟ ಕೂತಿದ್ದೆ ಕಣವ್ವ. ಮೈದಾನ್ದಲ್ಲಿ ಯಾವ್ದೋ ಎಣ್ಮಗ ಓಡ್ತಿತ್ತು. ದೂರುಕ್ಕೆ ನಿನ್ನಂಗೇ ಕಾಣ್ತು. ಚಪ್ಪಾಳೆ ತಟ್ಬುಟ್ಟೆ."

ನಗು ಬಂತು. ಹಿಂದೆಯೇ ಅಳು. "ಆ ಉಡ್ಗಿ ಗೆದ್ಲಾ?" ಅಂದೆ.

"ಗೊತ್ತಿಲ್ಲ ಕಣವ್ವ. ನೀನಲ್ಲ ಅಂತ ಗೊತ್ತಾದ್ಮೇಲೆ ನೋಡ್ನಿಲ್ಲ."

ಫೆಬ್ರವರಿ 23, ಭಾನುವಾರ

ಮಂಜು. ಕಣ. ನನ್ನ ರೈಡ್. ಹಸುವಿನ ಕೊರಳ ಗಂಟೆ ಹತ್ತಿರ ಬಂತು. ದಿನಾ ದಾಟಿ ಹೋಗುತ್ತೆ. ಇವತ್ತು ನಿಂತಿತು. ನಿಂತೇ ಇತ್ತು.

ತಿರುಗಿ ನೋಡಲಿಲ್ಲ ನಾನು. ಉಸಿರು ಕಟ್ಟಿ, ಗೆರೆ ದಾಟಿ, ಕಬಡ್ಡಿ ಕಬಡ್ಡಿ ಕಬ—