ದೊಡ್ಡಮ್ಮನ ಮತಕ್ಕೆ ನನ್ನ ಸಾಕ್ಷಿ

ಅಕ್ಟೋಬರ್ ೧೮, ಮಂಗಳವಾರ

ಇದನ್ನು ಬರೆಯದೇ ಮಲಗಿಬಿಡೋಣ ಅಂದುಕೊಂಡಿದ್ದೆ: ದೊಡ್ಡಮ್ಮನ ಮತವನ್ನು ನನ್ನ ಮತ ಅಳಿಸಲಿದೆ.

ಹತ್ತು ವರ್ಷಕ್ಕೊಮ್ಮೆ ಅಲಾಸ್ಕಾದ ಮತಪತ್ರದಲ್ಲಿ ಈ ಪ್ರಶ್ನೆ ತಾನಾಗಿ ಬರುತ್ತದೆ: ಸಭೆ ಸೇರಿಸಿ ರಾಜ್ಯದ ಸಂವಿಧಾನವನ್ನು ತಿದ್ದಬೇಕೆ? ಮಟ್ರೋನಾ ದೊಡ್ಡಮ್ಮ 'ಬೇಕು' ಎಂದು ಗುರುತು ಹಾಕಿದಳು. ಮೀನಿನ ಮೇಲೆ ಎಲ್ಲರಿಗೂ ಸಮಾನ ಹಕ್ಕು ಎನ್ನುತ್ತದೆ ಈಗಿನ ಸಂವಿಧಾನ. ನದಿಯಲ್ಲಿ ಸಾಲ್ಮನ್ ಕಡಿಮೆಯಾದಾಗ, ಅದನ್ನೇ ತಿಂದು ಚಳಿಗಾಲ ಕಳೆಯುವ ನಮ್ಮ ಮೂಲನಿವಾಸಿಗಳ ಹಳ್ಳಿಗೂ ಮೋಜಿಗೆ ಗಾಳ ಹಾಕುವ ಪೇಟೆಯವರಿಗೂ ರಾಜ್ಯದ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಶಾಸಕರಂತೂ ಆ ಸಾಲನ್ನು ಮುಟ್ಟುವುದಿಲ್ಲ. ಅವಳ ಮಾತು ಸರಿಯೇ.

"ಒಂದು ಸಾಲು ತಿದ್ದೋಕೆ ಕೂತೋರು ಎಲ್ಲಾನೂ ತಿದ್ದಬಹುದು ದೊಡ್ಡಮ್ಮ. ಅಲ್ಲಿ ನಮ್ಮೋರು ಎಷ್ಟು ಜನ ಇರ್ತಾರೆ?" ಅಂದೆ.

"ಇಂಗ್ಲಿಷ್ ಶಾಲೆ ನಿನಗೆ ಹೆದರೋದನ್ನ ಚೆನ್ನಾಗಿ ಕಲಿಸಿದೆ ಕಣೇ," ಒಣಮೀನು ಸೀಳುತ್ತಾ ನಕ್ಕಳು. "ಇನ್ನು ಹತ್ತು ವರ್ಷಕ್ಕೆ ಮತ್ತೆ ಕೇಳ್ತಾರಲ್ಲ, ಆಗ ನಾನಿರ್ತೀನಾ?"

ಅಂಚೆಯ ಮತಕ್ಕೆ ಸಾಕ್ಷಿಯ ಸಹಿ ಬೇಕು. ಅವಳ ಲಕೋಟೆಗೆ ನಾನು ಹಾಕಿದೆ, ನನ್ನದಕ್ಕೆ ಅವಳು. ಒಳಗೆ 'ಬೇಡ' ಇದೆಯೆಂದು ಅವಳಿಗೆ ಗೊತ್ತು. "ನಾನು ಸಹಿ ಹಾಕ್ತಿರೋದು ನಿನಗೆ, ನಿನ್ನ ಗುರುತಿಗಲ್ಲ," ಅಂದಳು.

ನನ್ನದು ವಿವೇಕವೋ, ಬರೀ ಅಭ್ಯಾಸವೋ? ಕೆಟ್ಟದ್ದನ್ನು ತಡೆಯುತ್ತಿದ್ದೇನೆ ಎಂದುಕೊಳ್ಳುತ್ತಲೇ, ಅವಳ ಕಾಲದಲ್ಲಿ ಆಗಬಹುದಾಗಿದ್ದ ಒಂದೇ ಒಳ್ಳೆಯದನ್ನೂ ತಡೆಯುತ್ತಿರಬಹುದು. ಆದರೂ ಗುರುತು ಬದಲಿಸಲಾರೆ.

ಅವಳ ಲಕೋಟೆಯೂ ನನ್ನ ಚೀಲದಲ್ಲೇ ಇದೆ. ಎರಡನ್ನೂ ಒಟ್ಟಿಗೇ ಅಂಚೆಗೆ ಹಾಕುವುದು ಗುರುವಾರ, ಅಕ್ಟೋಬರ್ ೨೦.